ಅಮ್ಮನ ತಟ್ಟೆ, ಅತ್ತೆಯ ಉಪವಾಸ

ಡಿಸೆಂಬರ್ ಇಪ್ಪತ್ತನಾಲ್ಕನೇ ತಾರೀಖು. ನೆರಳಿನಲ್ಲೇ ಮೂವತ್ತೊಂಬತ್ತು ಡಿಗ್ರಿ ಸೆಕೆ. ಅಂಗಳದ ಕೆಂಪು ಮಣ್ಣಿನ ಮೇಲೆ ಬರಿಗಾಲಿಟ್ಟರೆ ಬೊಬ್ಬೆ ಏಳುತ್ತದೆ. ಅಂಥ ಹೊತ್ತಿನಲ್ಲಿ ಕಟ್ಟಿಗೆ ಒಲೆಯ ಮುಂದೆ ನಿಂತು, ದೊಡ್ಡ ಪಾತ್ರೆಯಲ್ಲಿ ಬೀಟ್‌ರೂಟ್ ಸಾರು ಕುದಿಸುವ ಹೆಂಗಸನ್ನು ನೋಡಬೇಕಿದ್ದರೆ ನಮ್ಮ ಮನೆಗೆ ಬನ್ನಿ. ನಾನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಅವರು ನನ್ನ ಅತ್ತೆ, ಬ್ರೋನಿಸ್ಲಾವಾ ವೊಲಾನ್ಸ್ಕಿ. ವಯಸ್ಸು ಎಂಬತ್ತೆರಡು. ಗ್ಯಾಸ್ ಒಲೆ ಪಕ್ಕದಲ್ಲೇ ಇದೆ, ಮಗ ಕೊಡಿಸಿದ್ದು. ಅದರ ಮೇಲೆ ಅವರು ಬೆಳ್ಳುಳ್ಳಿ ಬುಟ್ಟಿ ಇಟ್ಟಿದ್ದಾರೆ.

ಆ ದಿನದ ಕಾನೂನು ಹೀಗಿದೆ. ಹನ್ನೆರಡು ಬಗೆ ಆಗಬೇಕು. ಒಂದರಲ್ಲೂ ಮಾಂಸ ಇರಕೂಡದು. ಆಕಾಶದಲ್ಲಿ ಮೊದಲನೇ ನಕ್ಷತ್ರ ಕಾಣುವ ತನಕ ಯಾರೂ ಬಾಯಿಗೆ ತುತ್ತಿಡಕೂಡದು. ಚರ್ಚಿನಲ್ಲಿ ನಡುರಾತ್ರಿಯ ಪೂಜೆ ಮುಗಿಯುವ ತನಕ ಮಾಂಸದ ಹೆಸರೆತ್ತಕೂಡದು. ಇದು ಅತ್ತೆಯ ಅಪ್ಪ-ಅಮ್ಮ ಪೋಲೆಂಡಿನಿಂದ ಹಡಗಿನಲ್ಲಿ ಹೊತ್ತು ತಂದ ಕಾನೂನು. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದಂತೆ, ನಕ್ಷತ್ರವೂ ಬೇಗ ಬಂದುಬಿಡುತ್ತದಂತೆ, ಹಿಮದಲ್ಲಿ ನಡುಗುತ್ತಾ ಬಂದವರಿಗೆ ಬಿಸಿ ಸಾರು ಕುಡಿದರೆ ಜೀವ ಬರುತ್ತದಂತೆ. ಭೂಮಿಯ ಈ ದಕ್ಷಿಣ ಮಗ್ಗುಲಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ; ಇಲ್ಲಿ ಮಿಸಿಯೋನೆಸ್‌ನಲ್ಲಿ ನಕ್ಷತ್ರ ಕಾಣುವುದು ಎಂಟರ ಮೇಲೆ. ಅಷ್ಟು ಹೊತ್ತಿಗೆ ಹಸಿವಿನಿಂದ ಮಕ್ಕಳು ಅಳುತ್ತಿರುತ್ತಾರೆ, ದೊಡ್ಡವರು ಜಗಳವಾಡುತ್ತಿರುತ್ತಾರೆ. ಒಂದು ವರ್ಷ ಮೋಡ ಕವಿದು ಒಂಬತ್ತೂವರೆಯಾದರೂ ನಕ್ಷತ್ರ ಕಾಣಲಿಲ್ಲ. ನನ್ನ ಗಂಡ ಕಸಿಮೀರೊ "ಅಗೋ ಕಂಡಿತು" ಎಂದು ಸುಳ್ಳು ಹೇಳಿದ. ಅತ್ತೆ ಅವನನ್ನು ಅಪ್ಪನ ಫೋಟೋದ ಮುಂದೆ ನಿಲ್ಲಿಸಿ, "ಇನ್ನೊಂದ್ಸಲ ಹೇಳು" ಎಂದರು. ಹತ್ತು ಗಂಟೆಗೆ ಉಂಡೆವು.

ಹಠ ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಅತ್ತೆಗೆ ಹದಿಮೂರು ವರ್ಷವಾಗಿದ್ದಾಗ ಅವರಮ್ಮ ಹೆರಿಗೆಯಲ್ಲಿ ತೀರಿಹೋದಳು. ಅಪ್ಪ ಆ ವರ್ಷ ಕುಡಿಯಲು ಶುರು ಮಾಡಿದ. ಕೆಳಗೆ ಮೂವರು ಮಕ್ಕಳು. ಡಿಸೆಂಬರ್ ಬಂದಾಗ ಮನೆಯಲ್ಲಿ ಮರಗೆಣಸು ಬಿಟ್ಟರೆ ಏನೂ ಇರಲಿಲ್ಲ. ಹದಿಮೂರರ ಹುಡುಗಿ ಅದೇ ಮರಗೆಣಸನ್ನು ಬೇಯಿಸಿ, ಸುಟ್ಟು, ಕರಿದು, ತುರಿದು, ಹೇಗೆ ಹೇಗೋ ಮಾಡಿ ಒಂಬತ್ತು ಬಗೆ ಮಾಡಿದಳು. ಹತ್ತನೆಯದು ರೊಟ್ಟಿ, ಹನ್ನೊಂದನೆಯದು ಉಪ್ಪು, ಹನ್ನೆರಡನೆಯದು ನೀರು. ಲೆಕ್ಕ ತಪ್ಪಿಸಲಿಲ್ಲ. ಇದನ್ನು ಅತ್ತೆ ನನಗೆ ಹೇಳಿದ್ದಲ್ಲ. ಅವರ ತಮ್ಮ ಹೇಳಿದ್ದು, ಅದೂ ಅಳುತ್ತಾ. ಅತ್ತೆಯ ನಲವತ್ತನಾಲ್ಕನೇ ವಯಸ್ಸಿಗೆ ಟ್ರ್ಯಾಕ್ಟರ್ ಮಗುಚಿ ಗಂಡ ಸತ್ತರು. ಮರು ತಿಂಗಳು ಅದೇ ಟ್ರ್ಯಾಕ್ಟರ್ ಹತ್ತಿ, ಚಹಾದ ಹಾಗೆ ಕುದಿಸಿ ಕುಡಿಯುವ ಯೆರ್ಬಾ ಎಲೆಯ ತೋಟಕ್ಕೆ ಹೋದ ಹೆಂಗಸು ಇವರು. ಗೌರವ ಇದೆ. ಗೌರವ ಬೇರೆ, ಮೂವತ್ತೊಂಬತ್ತು ಡಿಗ್ರಿಯಲ್ಲಿ ಬೀಟ್‌ರೂಟ್ ಸಾರು ಬೇರೆ.

ನಾನು ಇಲ್ಲಿಯವಳಲ್ಲ. ಸಾಂತಾ ಫೆ ಸೀಮೆಯವಳು, ಅದೆಲ್ಮಾ ಜಿರೌದೊ. ನಮ್ಮ ಕಡೆಯವರೆಲ್ಲ ಇಟಲಿಯ ಪಿಯೆಮೊಂತೆಯಿಂದ ಬಂದವರು. ಶಾಲೆಯಲ್ಲಿ ಪಾಠ ಹೇಳಲು ಮಿಸಿಯೋನೆಸ್‌ಗೆ ಬಂದು, ಕಸಿಮೀರೊನ ಕಣ್ಣಿಗೆ ಬಿದ್ದು, ಈ ಮನೆ ಸೇರಿದೆ. ನಮ್ಮ ಕಡೆ ಕ್ರಿಸ್‌ಮಸ್ ಎಂದರೆ ವಿತೆಲ್ ತೊನೆ. ಎಳೆಗರುವಿನ ಮಾಂಸವನ್ನು ಬೇಯಿಸಿ, ಆರಿಸಿ, ಕಾಗದದ ಹಾಗೆ ತೆಳ್ಳಗೆ ಕೊಯ್ದು, ಮೇಲೆ ಮೊಟ್ಟೆ ಬೆರೆಸಿದ ಟ್ಯೂನ ಮೀನಿನ ಗೊಜ್ಜು ಸುರಿದು, ಕೇಪರ್ ಎಂಬ ಉಪ್ಪುಹುಳಿ ಮೊಗ್ಗು ಉದುರಿಸಿ, ಒಂದು ಹಗಲು ಒಂದು ರಾತ್ರಿ ತಣ್ಣಗಿಟ್ಟು ತಿನ್ನಬೇಕು. ಬಿಸಿಲು ಸೀಮೆಯವರು ಬುದ್ಧಿ ಉಪಯೋಗಿಸಿ ಉಳಿಸಿಕೊಂಡ ತಿಂಡಿ ಅದು. ನನ್ನಮ್ಮ ಎರ್ಸೀಲ್ಯಾ ಮಾಡಿದರಂತೂ ಊರೇ ತಟ್ಟೆ ನೆಕ್ಕುತ್ತಿತ್ತು.

ಮದುವೆಯಾದ ವರ್ಷದ ಕ್ರಿಸ್‌ಮಸ್‌ಗೆ ಅಮ್ಮ ಹದಿನೈದು ತಾಸು ಬಸ್ಸಿನಲ್ಲಿ ಕೂತು ಬಂದಳು. ಕೈಚೀಲದಲ್ಲಿ ಒಂದು ಕಡೆ ಸಕ್ಕರೆ ಕಾಯಿಲೆಯ ಇನ್ಸುಲಿನ್, ಇನ್ನೊಂದು ಕಡೆ ಕೇಪರ್ ಶೀಶೆ. ಈ ಕಾಡು ಸೀಮೆಯಲ್ಲಿ ಇದೆಲ್ಲ ಸಿಗುವುದಿಲ್ಲ ಎಂದುಕೊಂಡಿದ್ದಳು, ಪಾಪ. ಎರಡು ದಿನ ಅಡುಗೆಮನೆಯ ಮೂಲೆಯಲ್ಲಿ ನಿಂತು, ಅತ್ತೆಯ ಕಣ್ಣುರಿಯಲ್ಲೇ ಮಾಡಿ, ಇಪ್ಪತ್ತನಾಲ್ಕರ ಸಂಜೆ ನಕ್ಷತ್ರ ಕಂಡ ಮೇಲೆ ಮೇಜಿನ ನಡುವೆ ತಂದಿಟ್ಟಳು. ಅವಳಿಗೆ ಕಾನೂನು ಗೊತ್ತಿರಲಿಲ್ಲ. ಹೇಳುವುದು ನನಗೂ ಹೊಳೆದಿರಲಿಲ್ಲ. ಹೊಸ ಸೊಸೆ, ನನಗೇ ಸರಿಯಾಗಿ ಗೊತ್ತಿರಲಿಲ್ಲ.

"ಇದೇನಿದು?" ಎಂದರು ಅತ್ತೆ.

"ಕರುವಿನ ಮಾಂಸ ಬೀಗಿತ್ತಿಯವ್ರೇ, ಮೇಲೆ ಮೀನಿನ ಗೊಜ್ಜು. ತಣ್ಣಗಿದೆ, ಹೊಟ್ಟೆಗೆ ಹಿತ."

"ಮೀನು ತಿನ್ನೋ ದಿನ ಮೀನು. ಮಾಂಸ ತಿನ್ನೋ ದಿನ ಮಾಂಸ. ಎರಡನ್ನೂ ಒಂದೇ ತಟ್ಟೇಲಿ ಹಾಕಿದ್ರೆ ಇವತ್ತು ಉಪವಾಸವೋ ಹಬ್ಬವೋ? ನಿಮ್ಮ ತಟ್ಟೆಗೇ ಗೊತ್ತಿಲ್ವಲ್ಲ! ಇಂಥದ್ದನ್ನ ನಾನಂತೂ ಮುಟ್ಟಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ, ಸಾಯೋ ತನಕ ಇಲ್ಲ."

ಮೇಜಿನ ಸುತ್ತ ಹದಿನಾಲ್ಕು ಜನ ಕೂತಿದ್ದರು. ಎಲ್ಲರೂ ಕೇಳಿಸಿಕೊಂಡರು. ಅಮ್ಮ ನಕ್ಕು, "ಬೇಡ ಬಿಡಿ, ಬೇಕಾದವರು ನಾಳೆ ತಿಂತಾರೆ" ಎಂದು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು. ನನಗೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆವತ್ತೇ ತೀರ್ಮಾನ ಮಾಡಿದೆ: ನಮ್ಮಮ್ಮನ ಕೈಯ ತಿಂಡಿಯನ್ನು ಈ ಹೆಂಗಸಿನ ಬಾಯಿಗೆ ಒಂದು ತುತ್ತಾದರೂ ಹಾಕಿಸದಿದ್ದರೆ ನನ್ನ ಹೆಸರು ಅದೆಲ್ಮಾ ಅಲ್ಲ.

ಆಮೇಲೆ ಅಮ್ಮ ಪ್ರತಿ ವರ್ಷ ಬಂದಳು, ಪ್ರತಿ ವರ್ಷ ಮಾಡಿದಳು, ಮೇಜಿಗೆ ಮಾತ್ರ ಇಪ್ಪತ್ತೈದನೇ ತಾರೀಖಿನ ಮಧ್ಯಾಹ್ನ ಇಟ್ಟಳು. ಇಪ್ಪತ್ತೈದಕ್ಕೆ ಮಾಂಸಕ್ಕೆ ಅಡ್ಡಿಯಿಲ್ಲವಲ್ಲ! ಎಲ್ಲರೂ ಬಾಚಿ ತಿನ್ನುತ್ತಿದ್ದರು. ಅತ್ತೆ ಮುಟ್ಟುತ್ತಿರಲಿಲ್ಲ. "ಹೊಟ್ಟೆ ತುಂಬಿದೆ" ಎನ್ನುತ್ತಿದ್ದರು. "ಹಲ್ಲು ನೋವು" ಎನ್ನುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಒಂದು ವರ್ಷ ಅವರ ತಟ್ಟೆಗೆ ನಾನೇ ಎರಡು ತುಂಡು ಬಡಿಸಿದೆ. ಅವರು ಅದನ್ನೆತ್ತಿ ಮೇಜಿನ ಕೆಳಗಿದ್ದ ನಾಯಿಗೆ ಹಾಕಿ, "ಇದಕ್ಕೇನಪ್ಪ, ಇದು ಕ್ಯಾಥೊಲಿಕ್ ಅಲ್ಲ" ಎಂದರು. ನಾನು ಎದ್ದು ಒಳಗೆ ಹೋಗಿ ಬಾಗಿಲು ಬಡಿದೆ. ರಾತ್ರಿ ಅಮ್ಮ ನನ್ನ ತಲೆ ಸವರಿ, "ಹೋಗ್ಲಿ ಬಿಡೇ, ಅವರಿಗೆ ಬೇಡ ಅಂದ್ರೆ ಬೇಡ, ನಿಂಗ್ಯಾಕೆ ಅಷ್ಟು ಉರಿ" ಎಂದಳು. ಮರುದಿನ ಬೆಳಿಗ್ಗೆ ನೋಡಿದರೆ ಬೀಗಿತ್ತಿಯರಿಬ್ಬರೂ ಹಿಂದಿನ ಜಗಲಿಯಲ್ಲಿ ಕೂತು ಏನೋ ಪಿಸುಗುಡುತ್ತಾ ನಗುತ್ತಿದ್ದರು. ನಮ್ಮಮ್ಮನಿಗೆ ಮಾನವೇ ಇಲ್ಲವೇನೋ ಎನಿಸಿತು.

ಇದು ಸಾಲದೆಂಬಂತೆ ನಾದಿನಿ ಇರೇನಾಳ ಗಂಡ ಎಗೊನ್ ಇದ್ದಾನೆ. ಜರ್ಮನರ ಪೈಕಿ. ಅವನಿಗೆ ಇಪ್ಪತ್ತನಾಲ್ಕರ ಸಂಜೆ ಆಲೂಗಡ್ಡೆ ಸಲಾಡು, ಹಂದಿ ಸಾಸೇಜು ಇಲ್ಲದಿದ್ದರೆ ಯೇಸು ಹುಟ್ಟುವುದೇ ಇಲ್ಲ. ಮರುದಿನಕ್ಕೆ ಹೊಟ್ಟೆಯಲ್ಲಿ ಸೇಬು ತುಂಬಿದ ಬಾತುಕೋಳಿ ಬೇರೆ. ಅವನು ತನ್ನ ಪಾತ್ರೆಗಳನ್ನು ಹೊತ್ತು ತಂದು, "ನಮ್ಮ ತಾತ ಹೇಳ್ತಿದ್ದ..." ಎಂದು ಶುರು ಮಾಡುತ್ತಾನೆ. ಅತ್ತೆ, "ನಿಮ್ಮ ತಾತನ್ನ ನಾನು ನೋಡಿದೀನಿ ಅಳಿಯಂದ್ರೇ, ಉಪವಾಸದ ದಿನಾನೂ ಸಾಸೇಜು ತಿಂದೇ ಸತ್ತಿದ್ದು" ಎನ್ನುತ್ತಾರೆ. ಪೋಲರು ಒಂದು ಕಡೆ, ಜರ್ಮನರು ಒಂದು ಕಡೆ, ಇಟಲಿಯವಳು ನಾನೊಬ್ಬಳು ನಡುವೆ. ಫ್ರಿಜ್ ಮಾತ್ರ ಒಂದೇ. ಅದರೊಳಗೆ ಯಾರ ಪಾತ್ರೆ ಯಾರ ಪಾತ್ರೆಯ ಮೇಲೆ ಕೂರಬೇಕು ಎಂಬ ಜಗಳ ಇಪ್ಪತ್ತೆರಡನೇ ತಾರೀಖಿನಿಂದಲೇ ಶುರುವಾಗುತ್ತದೆ.

ಈ ಆಗಸ್ಟಿನಲ್ಲಿ ಅಮ್ಮ ತೀರಿಕೊಂಡಳು. ಮಲಗಿದವಳು ಏಳಲಿಲ್ಲ. ನಾನು ಹೋಗಿ ಮಣ್ಣು ಮಾಡಿ, ಮೂರನೇ ದಿನ ವಾಪಸ್ಸು ಬಂದೆ. ಯೆರ್ಬಾ ಕೊಯ್ಲು ನಡೆಯುತ್ತಿತ್ತು, ಹದಿನೈದು ಆಳುಗಳಿಗೆ ಅಡುಗೆಯಾಗಬೇಕಿತ್ತು. ಬರುವಾಗ ಅವಳ ಮನೆಯಿಂದ ಒಂದೇ ಒಂದು ಸಾಮಾನು ತಂದೆ: ಅಡುಗೆಯ ನೋಟು ಪುಸ್ತಕ. ಅದರಲ್ಲಿ ವಿತೆಲ್ ತೊನೆ ಎಂದು ಬರೆದ ಹಾಳೆಯ ಮೇಲೆ ಎಣ್ಣೆಯ ಕಲೆ ಇತ್ತು. ಅಮ್ಮ ಇರುವ ತನಕ ನಾನದನ್ನು ಮಾಡಿದವಳೇ ಅಲ್ಲ.

ಈ ವರ್ಷ ಮಾಡುತ್ತೇನೆ, ಈ ವರ್ಷ ಅತ್ತೆ ಎಲ್ಲರ ಮುಂದೆ ಒಂದು ತುಂಡು ತಿನ್ನಲೇಬೇಕು ಎಂದು ಕಸಿಮೀರೊನಿಗೆ ಹೇಳಿದೆ. ಸತ್ತವಳ ಮರ್ಯಾದೆಗಾದರೂ ತಿನ್ನಲಿ. ಅವನು ತಲೆ ಕೆರೆದುಕೊಂಡು, "ಅಮ್ಮ ಮಾತು ಬದಲಾಯಿಸಿದ್ದು ನಾನು ನೋಡಿಲ್ಲ ಕಣೇ" ಎಂದ.

"ತಿನ್ನದಿದ್ರೆ ಇದೇ ಕೊನೆ. ಮುಂದಿನ ಕ್ರಿಸ್‌ಮಸ್‌ಗೆ ನಾನು ಈ ಮನೇಲಿರಲ್ಲ. ನಮ್ಮೂರಿಗೆ ಹೋಗ್ತೀನಿ. ನೀನು ನಿಮ್ಮಮ್ಮ ಸಾರು ಕುಡ್ಕೊಂಡಿರಿ."

ಬಾಯಿ ಮಾತಿಗೆ ಅಂದದ್ದಲ್ಲ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ.

ಇಪ್ಪತ್ತೆರಡಕ್ಕೆ ಮಾಂಸ ಬೇಯಿಸಿದೆ, ಇಪ್ಪತ್ಮೂರಕ್ಕೆ ಕೊಯ್ದು ಗೊಜ್ಜು ಸುರಿದೆ. ಆ ಎರಡು ದಿನ ಅತ್ತೆ ಅಡುಗೆಮನೆಗೂ ಹಿತ್ತಿಲಿಗೂ ಎಷ್ಟು ಸಲ ಓಡಾಡಿದರೋ ದೇವರಿಗೇ ಗೊತ್ತು. ಬರುವುದು, ನನ್ನ ಬೆನ್ನ ಹಿಂದೆ ನಿಲ್ಲುವುದು, ಪಾತ್ರೆ ನೋಡುವುದು, ಮೂಗು ಏರಿಸುವುದು, ಹೋಗುವುದು. ಕೊನೆಗೆ ನಾನು ಚಾಕು ಇಟ್ಟು ತಿರುಗಿ, "ಏನಾದ್ರೂ ಹೇಳೋದಿದ್ರೆ ಹೇಳಿಬಿಡಿ ಅತ್ತೆ" ಎಂದೆ.

"ನಾನೇನು ಹೇಳ್ಲಿ. ತುಂಡು ದಪ್ಪ ಆಯ್ತು."

"ನೀವು ತಿನ್ನಲ್ವಲ್ಲ, ದಪ್ಪ ಆದ್ರೇನು ತೆಳ್ಳಗಾದ್ರೇನು?"

ಮತ್ತೊಮ್ಮೆ ಪಾತ್ರೆಯೊಳಗೆ ಇಣುಕಿ ಹಿತ್ತಿಲಿಗೆ ಹೋದರು. ಹುಣ್ಣಿನ ಮೇಲೆ ಬರೆ ಎಳೆದ ಹಾಗಾಯಿತು ನನಗೆ.

ಇಪ್ಪತ್ತನಾಲ್ಕರ ಮಧ್ಯಾಹ್ನ ನಾಲ್ಕು ಗಂಟೆಗೆ ರಸ್ತೆ ತಿರುವಿನ ಟ್ರಾನ್ಸ್‌ಫಾರ್ಮರ್ ಢಬ್ ಎಂದಿತು. ಫ್ಯಾನು ನಿಂತಿತು, ಫ್ರಿಜ್ ನಿಂತಿತು. ಇಡೀ ಕಾಲೊನಿ ಒಂದೇ ಸಲ ಗೊಣಗಿದ್ದು ಕೇಳಿಸಿತು. ಫೋನು ಮಾಡಿದರೆ ರಾತ್ರಿಯೊಳಗೆ ಬಂದರೆ ಬಂತು, ಇಲ್ಲದಿದ್ದರೆ ನಾಳೆ ಎಂದರು. ಒಂದು ತಾಸಿನಲ್ಲಿ ಫ್ರಿಜ್ಜಿನ ಬಾಗಿಲಿಂದ ನೀರು ಇಳಿಯತೊಡಗಿತು.

ಎಗೊನ್ ಬಂದು ತನ್ನ ಬಾತುಕೋಳಿಯನ್ನು ಮುಟ್ಟಿ ನೋಡಿದ. ಅವನ ಮುಖ ಬಾಡಿತು. "ಅತ್ತೆ, ನಡುರಾತ್ರಿ ತನಕ ಇವು ಉಳಿಯಲ್ಲ. ಈಗ್ಲೇ ಸುಟ್ಟು ತಿಂದುಬಿಡೋಣ. ಕರೆಂಟು ಹೋಗಿದ್ದು ದೇವರೂ ನೋಡಿದಾನೆ."

"ನೋಡಿದಾನೆ. ನಿಮ್ಮ ಹೊಟ್ಟೇನೂ ನೋಡಿದಾನೆ ಅಳಿಯಂದ್ರೇ. ನಕ್ಷತ್ರ ಬರೋ ತನಕ ತಡ್ಕೊಳ್ಳಿ, ಸಾರಿದೆ."

"ಸಾರು! ಈ ಸೆಕೇಲಿ!" ಎಂದು ಅವನು ನನ್ನ ಕಡೆ ತಿರುಗಿದ. "ಅದೆಲ್ಮಾ, ನೀನಾದ್ರೂ ಹೇಳು. ನಿನ್ನ ಮೊಟ್ಟೆ ಗೊಜ್ಜು ಇನ್ನೆರಡು ತಾಸಿಗೆ ಹಳಸುತ್ತೆ."

ಅವನು ಹೇಳಿದ್ದು ನಿಜವಾಗಿತ್ತು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಒಲೆಯ ಮುಂದಿದ್ದ ಅತ್ತೆಯ ಎದುರು ಹೋಗಿ ನಿಂತೆ.

"ನೋಡಿ ಅತ್ತೆ, ಅದು ನಮ್ಮಮ್ಮನ ಕೈಬರಹ ನೋಡಿ ಮಾಡಿದ್ದು. ಅದನ್ನ ಚೆಲ್ಲೋದಕ್ಕೂ ಬಿಡಲ್ಲ, ನಾಯಿಗೆ ಹಾಕೋದಕ್ಕೂ ಬಿಡಲ್ಲ. ನಿಮ್ಮ ನಕ್ಷತ್ರ ಬರೋಕೆ ಇನ್ನೂ ಮೂರು ತಾಸಿದೆ. ಒಂದು ದಿನ, ಒಂದೇ ಒಂದು ದಿನ, ನಿಮ್ಮ ಕಾನೂನು ಪಕ್ಕಕ್ಕಿಟ್ರೆ ಏನು ಪ್ರಳಯ ಆಗುತ್ತೆ?"

ಅತ್ತೆ ಸೌಟು ಇಟ್ಟರು. ಸಿಡಿಯುತ್ತಾರೆ ಎಂದುಕೊಂಡೆ. ಅವರು ಕಿಟಕಿಯಿಂದ ಹೊರಗೆ ನೋಡಿ, "ಕಸಿಮೀರೊ! ಬಾವಿ ಹಲಗೆ ತೆಗಿ" ಎಂದು ಕೂಗಿದರು.

ಪಂಪು ಬಂದ ಮೇಲೆ ಬಾವಿಯನ್ನು ಹಲಗೆಗಳಿಂದ ಮುಚ್ಚಿ ಮೇಲೆ ಹೂಕುಂಡ ಇಟ್ಟಿದ್ದೆವು. ಗಂಡಸರಿಬ್ಬರೂ ಬೈದುಕೊಳ್ಳುತ್ತಾ ಕುಂಡ ಸರಿಸಿ ಹಲಗೆ ಕಿತ್ತರು. ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. "ಕರೆಂಟು ನಿನ್ನೆ ಮೊನ್ನೆ ಬಂದಿದ್ದು. ನಮಗೆ ಇದೇ ಫ್ರಿಜ್ಜು" ಎಂದರು ಅತ್ತೆ. ಎಗೊನ್ ಬಾತುಕೋಳಿಯನ್ನು ಮೇಜುಬಟ್ಟೆಯಲ್ಲಿ ಕೂಸಿನ ಹಾಗೆ ಸುತ್ತಿ, ಕೊಡದಲ್ಲಿ ಕೂರಿಸಿ, ಹಗ್ಗ ಬಿಟ್ಟ. "ಮೆಲ್ಲಗೆ, ಮೆಲ್ಲಗೆ!" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನಾನೂ ಅತ್ತೆಯೂ ಉಳಿದ ಪಾತ್ರೆಗಳನ್ನು ತೆಗೆಯಲು ಒಳಗೆ ಬಂದೆವು.

ನಾನು ಫ್ರಿಜ್ಜಿನ ಮೇಲಿನ ಅರೆ ಖಾಲಿ ಮಾಡುತ್ತಿದ್ದೆ. ಅತ್ತೆ ನೆಲದ ಮೇಲೆ ಮಂಡಿಯೂರಿ ಕೂತು ಕೆಳಗಿನ ಅರೆಗೆ ಕೈ ಹಾಕಿದರು. ಬಿಯರ್ ಬಾಟಲಿಗಳನ್ನು ಒಂದೊಂದಾಗಿ ಹೊರಗಿಟ್ಟರು. ಮತ್ತೆ ಕೈ ಹಾಕಿ ತಡಕಿದರು. ಆ ವಯಸ್ಸಿನಲ್ಲಿ ಮಂಡಿಯೂರಿದರೆ ಏಳುವುದು ಕಷ್ಟ. ನನಗೆ ಇನ್ನಷ್ಟು ರೇಗಿತು.

"ಅಲ್ಲೇನಿಲ್ಲ ಅತ್ತೆ. ಏನು ಹುಡುಕ್ತಿದೀರಿ?"

"ಏನಿಲ್ಲ."

ಮತ್ತೆ ತಡಕಿದರು. ಆಮೇಲೆ ಫ್ರಿಜ್ಜಿನೊಳಗೆ ಮುಖ ಇಟ್ಟುಕೊಂಡೇ, ನನ್ನ ಕಡೆ ನೋಡದೆ, "ಎಲ್ಲಿಟ್ಟಿದೀಯ?" ಎಂದರು.

"ಏನನ್ನ?"

"ನನ್ನ ಡಬ್ಬೀನ."

"ಯಾವ ಡಬ್ಬಿ?"

ಅತ್ತೆ ತಿರುಗಿ ನೆಲಕ್ಕೆ ಕೂತರು. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. "ನಿಮ್ಮಮ್ಮ ಹೇಳ್ಲಿಲ್ವಾ?" ಎಂದರು. "ಬಿಯರ್ ಹಿಂದೆ, ಬಟ್ಟೇಲಿ ಸುತ್ತಿ ಇಡ್ತಿದ್ಳು. ಪುಟ್ಟ ಡಬ್ಬಿ. ನಾಲ್ಕು ತುಂಡು. ನಾನು ಎರಡು ದಿನದಿಂದ ನೋಡ್ತಿದೀನಿ, ಈಗಿಡ್ತೀಯ, ಆಗಿಡ್ತೀಯ ಅಂತ."

ಕೈಯಲ್ಲಿದ್ದ ಪಾತ್ರೆ ಮೇಜಿನ ಮೇಲಿಟ್ಟೆ.

"ನೀವು ತಿಂತಿದ್ರಾ?"

"ಇಪ್ಪತ್ತೈದನೇ ತಾರೀಖು ಬೆಳಿಗ್ಗೆ ಐದಕ್ಕೆ. ಉಪವಾಸ ಮುಗಿದಿರುತ್ತಲ್ಲ, ಪಾಪ ಇಲ್ಲ."

"ಎಷ್ಟು ವರ್ಷದಿಂದ?"

"ಮೊದಲನೇ ವರ್ಷದಿಂದ್ಲೇ."

ಇಪ್ಪತ್ತೈದು ವರ್ಷ! ಇಪ್ಪತ್ತೈದು ವರ್ಷ ನಾನು ಈ ಒಂದು ತುತ್ತಿಗಾಗಿ ಗಂಡನ ಜೊತೆ ಜಗಳವಾಡಿದ್ದೇನೆ, ಬಾಗಿಲು ಬಡಿದಿದ್ದೇನೆ, ದಿಂಬಿಗೆ ಮುಖವಿಟ್ಟು ಅತ್ತಿದ್ದೇನೆ. "ಮತ್ತೆ ಎಲ್ಲರ ಮುಂದೆ ಯಾಕೆ ಬೇಡ ಅಂತಿದ್ರಿ?" ಎಂದು ಕಿರುಚಿದೆ.

"ಹದಿನಾಲ್ಕು ಜನದ ಮುಂದೆ ಸಾಯೋ ತನಕ ಮುಟ್ಟಲ್ಲ ಅಂದಿದ್ದೆ. ಆಡಿದ ಮಾತನ್ನ ನುಂಗೋಕಾಗುತ್ತಾ? ಆಮೇಲೆ ಈ ಮನೇಲಿ ಯಾರು ನಕ್ಷತ್ರಕ್ಕೆ ಕಾಯ್ತಾರೆ? ಎಗೊನ್ ಕಾಯ್ತಾನಾ?"

"ನನಗೊಬ್ಬಳಿಗೆ ಹೇಳಬಹುದಿತ್ತಲ್ಲ!"

"ಹೇಳೋಣ ಅಂದೆ. ನಿಮ್ಮಮ್ಮನೇ ಬೇಡ ಅಂದ್ಳು. ನನ್ನ ಮಗಳ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ, ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತೆ ಅಂದ್ಳು."

ಬದುಕಿದ್ದವಳ ಮೇಲೆ ಸಿಟ್ಟು ಮಾಡಬಹುದು, ಸತ್ತವಳ ಮೇಲೆ ಹೇಗೆ ಮಾಡುವುದು? ತಲೆ ಸವರಿ "ಹೋಗ್ಲಿ ಬಿಡೇ" ಎಂದಿದ್ದಳಲ್ಲ, ಮಹಾತಾಯಿ! ಅತ್ತೆಯೊಬ್ಬರೇ ಹಠಮಾರಿ ಎಂದುಕೊಂಡಿದ್ದೆ. ಇಬ್ಬರೂ ಸೇರಿ ನನ್ನನ್ನು ಕುಣಿಸಿದ್ದರು. ನಾನು ಕಪಾಟಿನಿಂದ ಒಂದು ಡಬ್ಬಿ ಎಳೆದು, ನಾಲ್ಕು ತುಂಡು ಹಾಕಿ, ಗೊಜ್ಜು ಸುರಿದು, ಮುಚ್ಚಳ ಬಡಿದು, ಒರೆಸುವ ಬಟ್ಟೆಯಲ್ಲಿ ಗಂಟು ಕಟ್ಟಿ ಅವರ ಮಡಿಲಿಗೆ ಹಾಕಿದೆ. ಅವರು ಅದನ್ನು ಸೆರಗಿನಂಥ ತಮ್ಮ ಅಡುಗೆ ಬಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡು ಬಾವಿಯ ಕಡೆ ಹೋದರು. ಕೊಡದಲ್ಲಿ ಸಾಸೇಜಿನ ಕೆಳಗೆ ಅದನ್ನು ತಾವೇ ತುರುಕಿದರು. ಎಗೊನ್ ಅದೇನು ಎಂದು ಕೇಳಿದ್ದಕ್ಕೆ, "ಔಷಧಿ" ಎಂದರು.

ಎಂಟೂ ಹತ್ತಕ್ಕೆ ಇರೇನಾಳ ಮಗಳು ಮಿಲಿ ನಕ್ಷತ್ರ ಕಂಡಿತೆಂದು ಕೂಗಿದಳು. ಮೇಣದ ಬತ್ತಿ ಹಚ್ಚಿ ಕೂತೆವು. ಬೆವರು ಸುರಿಸುತ್ತಾ ಬಿಸಿ ಸಾರು ಕುಡಿದೆವು, ಅಣಬೆ ಕಡುಬು ತಿಂದೆವು, ನದಿ ಮೀನು ತಿಂದೆವು, ಕೋಸು ತಿಂದೆವು, ಹನ್ನೆರಡೂ ಮುಗಿಸಿದೆವು. ಊಟಕ್ಕೆ ಮುಂಚೆ ಚರ್ಚಿನಿಂದ ತಂದ ತೆಳ್ಳನೆಯ ಬಿಳಿ ಹಾಳೆಯಂಥ ರೊಟ್ಟಿಯನ್ನು ಒಬ್ಬರಿಗೊಬ್ಬರು ಮುರಿದುಕೊಟ್ಟು ಹರಸುವುದು ಪದ್ಧತಿ. ಪ್ರತಿ ವರ್ಷ ಅತ್ತೆ ನನಗೆ, "ಬರೋ ವರ್ಷವಾದ್ರೂ ನಿನ್ನ ಕಡುಬಿನ ಹಿಟ್ಟು ಮೆತ್ತಗಾಗ್ಲಿ" ಎಂದೇ ಹರಸುತ್ತಾರೆ. ಈ ವರ್ಷವೂ ಅದನ್ನೇ ಅಂದರು. ಪೂಜೆಗೆ ಹೋಗಿ ಬರುವಷ್ಟರಲ್ಲಿ ಕರೆಂಟು ಬಂದಿತ್ತು. ಬಾವಿಯಿಂದ ಎಲ್ಲವನ್ನೂ ಎತ್ತಿ ಫ್ರಿಜ್ಜಿಗೆ ತುಂಬಿ ಮಲಗಿದೆವು. ನನಗೆ ನಿದ್ದೆ ಹತ್ತಲಿಲ್ಲ.

ಬೆಳಕು ಹರಿಯುತ್ತಿದ್ದಂತೆ ಎದ್ದು ಹಿಂದಿನ ಜಗಲಿಗೆ ಬಂದೆ. ಅತ್ತೆ ಅಲ್ಲಿ ಕೂತಿದ್ದರು. ಮುಂದೆ ಡಬ್ಬಿ, ಮುಚ್ಚಳ ತೆಗೆದಿತ್ತು. ಎರಡು ಫೋರ್ಕು ಇದ್ದವು. ನಾಲ್ಕು ತುಂಡೂ ಹಾಗೇ ಇದ್ದವು.

"ಯಾಕೆ, ತಿನ್ನಲಿಲ್ವಾ?"

"ಒಬ್ಬಳೇ ತಿನ್ನೋದು ಗೊತ್ತಿಲ್ಲ ನಂಗೆ" ಎಂದರು ಅತ್ತೆ. "ಎರಡು ನನ್ನದು, ಎರಡು ಅವಳದು. ಮೊದಲನೇ ವರ್ಷ ಇನ್ಸುಲಿನ್ ತಗೊಳ್ಳೋಕೆ ಬೆಳಿಗ್ಗೆ ಐದಕ್ಕೆ ಬಂದ್ಳು. ನಾನು ಫ್ರಿಜ್ಜಿನ ಮುಂದೆ ನಿಂತು ಕೈಯಲ್ಲೇ ತಿಂತಿದ್ದೆ. ಬಾಯಿ ತುಂಬ ಇತ್ತು. ಏನು ಹೇಳ್ಲಿ? ಅವಳು ಎರಡು ಫೋರ್ಕು ತಂದ್ಳು."

ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಅತ್ತೆ ಒಂದು ಚೂರು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು. "ನಿಂಬೆಹುಳಿ ಜಾಸ್ತಿ. ಮೀನು ನುಣ್ಣಗೆ ಅರೆದಿಲ್ಲ. ತುಂಡು ದಪ್ಪ ಅಂತ ಮೊನ್ನೇನೇ ಹೇಳಿದೆ." ಇಷ್ಟು ಹೇಳಿ ಇನ್ನೊಂದು ಚೂರು ತೆಗೆದುಕೊಂಡರು.

"ಇಲ್ಲಿ ಕೂತು ಇಬ್ರೂ ಏನು ಅಷ್ಟು ಮಾತಾಡ್ತಿದ್ರಿ?" ಎಂದು ಕೇಳಿದೆ.

"ಇನ್ನೇನು, ನಿನ್ನ ವಿಷಯ. ವರ್ಷವಿಡೀ ನಿನ್ನ ಮೇಲಿನ ದೂರೆಲ್ಲ ಗಂಟು ಕಟ್ಟಿಡ್ತಿದ್ದೆ. ಅವಳು ಬಂದಾಗ ಬಿಚ್ತಿದ್ದೆ. ಅವಳೂ ಹೌದು ಹೌದು, ಚಿಕ್ಕಂದಿನಿಂದ್ಲೂ ಹಾಗೇ ಅಂತಿದ್ಳು. ಹೊಟ್ಟೆ ಹಗುರಾಗೋದು. ಇನ್ನೊಂದು ವರ್ಷ ನಿನ್ನ ಜೊತೆ ಬಾಳಬಹುದು ಅನ್ನಿಸೋದು." ಅವರು ಫೋರ್ಕು ಕೆಳಗಿಟ್ಟರು. "ಈ ವರ್ಷದ್ದು ಹಾಗೇ ಇದೆ. ಯಾರಿಗೆ ಹೇಳ್ಲಿ ನಾನು?"

ಎಂಬತ್ತೆರಡು ವರ್ಷದ ಹೆಂಗಸು, ಗಂಡ ಸತ್ತಾಗಲೂ ಜನರ ಮುಂದೆ ಅಳದವರು, ನನ್ನಮ್ಮನಿಗಾಗಿ ಕಣ್ಣು ಒರೆಸಿಕೊಂಡರು. ಅಮ್ಮನ ಫೋರ್ಕು ಎತ್ತಿಕೊಂಡೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಅಮ್ಮನೇ ಕೇಳಿದ ಹಾಗೆ ಕೇಳಿದೆ.

"ಹೇಳಿ ಬೀಗಿತ್ತಿಯವ್ರೇ. ನನ್ನ ಮಗಳು ಈ ವರ್ಷ ಏನು ಮಾಡಿದ್ಳು?"

ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿದರು.

"ಏನು ಹೇಳ್ಲಿ ಬೀಗಿತ್ತಿಯವ್ರೇ, ನಿಮ್ಮ ಮಗಳ ಕತೇನ. ಆಗಸ್ಟಿನಲ್ಲಿ ತಾಯಿ ಸತ್ತಳು. ಮೂರನೇ ದಿನಕ್ಕೆ ಬಂದು ಒಲೆ ಮುಂದೆ ನಿಂತ್ಳು. ಒಂದು ದಿನಾನೂ ಅಳಲಿಲ್ಲ. ನಾಲ್ಕು ತಿಂಗಳಾಯ್ತು, ಪಾತ್ರೆ ಕುಕ್ಕೋದು, ಬಾಗಿಲು ಬಡಿಯೋದು, ನನ್ನ ಮೇಲೆ ಹಾರಾಡೋದು. ಅಳೋದು ಮಾತ್ರ ಇಲ್ಲ. ನನ್ನ ಮಾತು ಕೇಳಲ್ಲ ಅವಳು. ನೀವಾದ್ರೂ ಸ್ವಲ್ಪ ಹೇಳಿ."

ಅಮ್ಮನ ಹಾಗೆ, ಹೌದು ಹೌದು, ಚಿಕ್ಕಂದಿನಿಂದಲೂ ಹಾಗೇ ಎನ್ನಲು ಬಾಯಿ ತೆರೆದೆ. ಮಾತಿನ ಬದಲು ಅಳು ಬಂತು, ತಡೆಯಲಾರದಂಥ ಅಳು. ಅತ್ತೆ ಎದ್ದು ಬಂದು ನನ್ನ ಬೆನ್ನಿಗೆ ಎರಡು ಗುದ್ದು ಗುದ್ದಿದರು.

"ಬಾಯಲ್ಲಿರೋದನ್ನ ಮೊದಲು ನುಂಗು" ಎಂದು ಗದರಿದರು. "ಆಮೇಲೆ ಎಷ್ಟು ಬೇಕಾದ್ರೂ ಅಳು. ಮಧ್ಯಾಹ್ನದ ತನಕ ಯಾರೂ ಏಳಲ್ಲ."